ಚಂದ್ರನಿಲ್ಲದ ದಿನದ ಊಟ

ಮೂರೂವರೆಗೆ ಬಂದ. ಆ ಹೊತ್ತಿನಲ್ಲಿ
ಯಾವ ಹೋಟೆಲಿನವನೂ ಗಿರಾಕಿಯ ಮುಖ ನೋಡಿ ನಗುವುದಿಲ್ಲ.
ನರಸಾಪುರದ ಫ್ಯಾಕ್ಟರಿಯ ನೀಲಿ ಅಂಗಿ, ಕತ್ತಿನಲ್ಲಿ ಟ್ಯಾಗು,
ಟ್ಯಾಗಿನ ಮೇಲೆ ನನಗೆ ಓದಲು ಬಾರದ ಹೆಸರು.
ವಿಯೆಟ್ನಾಮಿನವನಂತೆ, ಮೆಷಿನ್ ಕೂರಿಸಲು ಬಂದವನಂತೆ,
ಪಂಕ್ಚರ್ ಅಂಗಡಿ ಬಾಷು ಆಮೇಲೆ ಹೇಳಿದ.

ಬೋರ್ಡು ನೋಡಿದ: ಶುದ್ಧ ಸಸ್ಯಾಹಾರಿ, ಫುಲ್ ಮೀಲ್ಸ್ ಅರವತ್ತು.
ಓದಲಿಲ್ಲ, ಹಸಿರು ಚುಕ್ಕೆಯನ್ನು ಬೆರಳಿಂದ ಮುಟ್ಟಿದ.
ಫೋನು ಬಾಯಿ ಹತ್ತಿರ ಹಿಡಿದು ಏನೋ ಹೇಳಿದ.
ಫೋನು ಕನ್ನಡ ಮಾತಾಡಿತು,
ವಾರ್ತೆ ಓದುವ ಹೆಂಗಸಿನ ಹಾಗೆ:
"ಇಂದು ಚಂದ್ರನಿಲ್ಲ. ನಾನು ಪ್ರಾಣಿಗಳನ್ನು ತಿನ್ನುವುದಿಲ್ಲ."

ಗಲ್ಲಾದ ಮೇಲಿನ ಕ್ಯಾಲೆಂಡರು ನೋಡಿದೆ. ಕರಿ ಗುಂಡು. ಅಮಾವಾಸ್ಯೆ.
ನಮ್ಮಜ್ಜಿಯೂ ಅವತ್ತು ಒಗ್ಗರಣೆಗೆ ಈರುಳ್ಳಿ ಹಾಕುತ್ತಿರಲಿಲ್ಲ.
ಅಲ್ಲಿಗೂ ಇಲ್ಲಿಗೂ ಒಬ್ಬನೇ ಚಂದ್ರ ಅಂತೆಲ್ಲ ನನಗೆ ಹೊಳೆಯಲಿಲ್ಲ.
ಹೊಳೆದದ್ದು ಇಷ್ಟೇ,
ಸಾಂಬಾರು ತಳ ಕಂಡಿದೆ.

ಬಿಸಿನೀರು ಬೆರೆಸಿದೆ. ಎರಡು ಸೌಟು. ಮೂರೂ ಇರಬಹುದು.
ಅನ್ನ ಡಬರಿಯ ಅಂಚಿನದು, ಅಗುಳು ಹಲ್ಲಿನಷ್ಟು ಗಟ್ಟಿ.
ಹಪ್ಪಳ ಒದ್ದೆ ಕಾಗದ. ಮಜ್ಜಿಗೆಯ ಮಾತು ಬಿಡಿ,
ಬೋರ್‌ವೆಲ್ ನೀರಿಗೆ ಒಂದಿಷ್ಟು ಬಿಳುಪು.
"ಪಲ್ಯ ಮುಗಿದಿದೆ" ಅಂದೆ.
ಫೋನು ಅದನ್ನು ಅವನ ಭಾಷೆಗೆ ಮಾಡಿತು,
ನಾನು ಅಂದದ್ದಕ್ಕಿಂತ ಉದ್ದವಿತ್ತು, ಕ್ಷಮೆ ಕೇಳಿದ ಹಾಗಿತ್ತು.
ನಾನು ಕೇಳಿರಲಿಲ್ಲ.

ತಿಂದ. ಚಮಚ ಬೇಡಲಿಲ್ಲ, ಉಪ್ಪು ಬೇಡಲಿಲ್ಲ.
ಒಂದು ಸಲ ಮಾತ್ರ ತಲೆ ಎತ್ತಿ
ಮೂಗು ಅಡುಗೆಮನೆಯತ್ತ ತಿರುಗಿಸಿದ.

ಒಳಗೆ ಅಶ್ವತ್ಥಮ್ಮ ನಮಗೆಂದು ಇದುಕಿದಬೇಳೆ ಸಾರು ಕುದಿಸುತ್ತಿದ್ದಳು.
ಚಿಂತಾಮಣಿ ಕಡೆಯ ಅವರೆ, ಕೈ ತೊಳೆದರೂ ಸೊಗಡು ಬಿಡದ ಕಾಯಿ.
ಹಿಂದಿನ ರಾತ್ರಿ ನಾನೂ ಕೂತು ಇದುಕಿದ್ದೆ,
ಹೆಬ್ಬೆರಳ ಉಗುರು ಇನ್ನೂ ನೋಯುತ್ತಿತ್ತು.
ಹಿಟ್ಟಿನ ಕೋಲು ಪಾತ್ರೆಗೆ ಬಡಿಯುವ ಸದ್ದು ಬೇರೆ.
ಅವನು ಬೆರಳು ತೋರಿಸಿ ಹುಬ್ಬೆತ್ತಿದ.
ಅದಕ್ಕೆ ಫೋನು ಬೇಕಾಗಲಿಲ್ಲ.
"ಅದು ಸ್ಟಾಫ್‌ದು" ಅಂದೆ, ಕೈಯಾಡಿಸಿ.
ಅದಕ್ಕೂ ಬೇಕಾಗಲಿಲ್ಲ.

ಕೊನೆಗೆ ಫೋನಿನ ಹೆಂಗಸು ಕೇಳಿದಳು:
"ಇದು ನಿಮ್ಮ ಊರಿನ ಊಟವೇ?"
ಹೂಂ ಅಂದೆ.
ಇಡೀ ಕೋಲಾರದ ಪರವಾಗಿ
ನಾನೊಬ್ಬ ಸಪ್ಲೈಯರು, ಹೂಂ ಅಂದೆ.

ತಟ್ಟೆಯಲ್ಲಿ ಒಂದಗುಳೂ ಬಿಡದೆ ಎದ್ದ.
ನೂರರ ನೋಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ,
ಹುಂಡಿಯ ಮುಂದೆ ನಿಂತವನ ಹಾಗೆ.
ನಲವತ್ತು ಚಿಲ್ಲರೆ ಎಸೆದೆ, ಎಣಿಸದೆ ಜೇಬಿಗಿಟ್ಟ.

ಆಮೇಲೆ ನಾವು ಐದು ಜನ ಹಿಂದೆ ಕೂತು ಉಂಡೆವು.
ಎಷ್ಟು ಚೆನ್ನಾಗಿತ್ತು ಅನ್ನಲು ಈಗಲೂ ನಾಚಿಕೆ.
ನಾನು ಎರಡನೇ ಸಲ ಸಾರು ಹಾಕಿಸಿಕೊಂಡೆ.

ಓನರ್ ಬೈಚಪ್ಪನಿಗೆ ಹೇಳಿದರೆ ನಕ್ಕ:
"ಅರವತ್ತು ರೂಪಾಯಿಗೆ ಬೀಗರೂಟ ಬಡಿಸ್ಬೇಕಿತ್ತೇನೋ?
ಹೈವೇ ಗಿರಾಕಿ, ಒಂದು ಸಲದೋನು."
ಲೆಕ್ಕ ಸರಿಯಾಗಿತ್ತು.

ಹುಣ್ಣಿಮೆಗೆ ಮತ್ತೆ ಕಂಡ,
ಎದುರಿನ ಗಾಡಿಯ ಹತ್ತಿರ, ನಮ್ಮ ಬೋರ್ಡಿಗೆ ಬೆನ್ನು ಮಾಡಿ
ನಿಧಾನಕ್ಕೆ ಏಲಕ್ಕಿ ಬಾಳೆ ಸುಲಿಯುತ್ತಿದ್ದ. ನಾಲ್ಕು ತಿಂದ.
ಕೂಗಬೇಕೆನ್ನಿಸಿತು. ಏನೆಂದು ಕೂಗಲಿ,
ಹೆಸರು ಟ್ಯಾಗಿನಲ್ಲೇ ಉಳಿದಿತ್ತು.
ಫೆಬ್ರವರಿಗೆ ಆ ಬ್ಯಾಚು ವಾಪಸ್ಸು ಹೋಯಿತು. ಅವರೆಯೂ ಮುಗಿಯಿತು.

ಈಗ ಅವನ ಮನೆಯಲ್ಲಿ ಯಾರಾದರೂ ಕೇಳಿರುತ್ತಾರೆ,
ಅಲ್ಲಿ ಊಟ ಹೇಗಿತ್ತು?
ಅವನೊಂದು ಪದ ಹೇಳಿರುತ್ತಾನೆ, ನನಗೆ ಬಾರದ ಭಾಷೆಯ ಸಣ್ಣ ಪದ.
ಅಥವಾ, ಒಳ್ಳೆಯವನಲ್ಲವೇ,
ಹೇಳದೆ ಒಂದು ಲೋಟ ನೀರು ಕುಡಿದಿರುತ್ತಾನೆ.

ಸಾಂಬಾರಿಗೆ ಈಗಲೂ ನೀರು ಬೆರೆಸುತ್ತೇನೆ, ಮೂರೂವರೆಗೆ.
ಕರಿ ಗುಂಡಿನ ದಿನ ಮಾತ್ರ
ಒಂದು ಸೌಟಿಗೇ ಕೈ ನಿಲ್ಲುತ್ತದೆ.