ಎಣ್ಣೆ ಹೀರಿದ ಹಾಳೆ

ಹಳೇ ಪೇಪರ್ ನಾನು ಓದಿ ಕೊಳ್ಳೋದಿಲ್ಲ,
ತೂಗಿ ಕೊಳ್ತೀನಿ.
ಗುಜರಿ ಅಂಗಡಿಯಲ್ಲಿ
ಚುನಾವಣೆಗೂ ಚಂದ್ರನಿಗೂ ಒಂದೇ ದರ,
ಕಿಲೋಕ್ಕೆ ಇಪ್ಪತ್ತೆರಡು.
ನೆಂದಿದ್ದರೆ ಎರಡು ರೂಪಾಯಿ ಕಡಿಮೆ.

ಬಳ್ಳಾರಿ ಕೌಲ್ ಬಜಾರಿನ ಮೂಲೆಯಲ್ಲಿ ನನ್ನ ಬಂಡಿ.
ಐದಕ್ಕೆ ಎಣ್ಣೆ ಕಾಯುತ್ತೆ,
ಐದೂವರೆಗೆ ಜೀನ್ಸ್ ಹೊಲಿಯೋರು ಬರ್ತಾರೆ,
ಬೆರಳ ತುದಿಯೆಲ್ಲ ನೀಲಿ.
ನಾಲ್ಕು ಮಿರ್ಚಿ, ಒಂದು ಒಗ್ಗಾಣಿ,
ಹಾಳೆ ಹರಿಯೋದು, ಕೈಗಿಡೋದು.
ಯಾವ ಸುದ್ದಿ ಯಾರ ಕೈಗೆ ಹೋಯ್ತೋ
ನನಗೇನು ಗೊತ್ತು.

ಮಾಬುನ್ನಿ ಮಾತ್ರ ತಿಂದ ಮೇಲೆ ಓದ್ತಾಳೆ.
ಕಾಜಾ ಹೊಡೆಯೋ ಕೆಲಸ ಅವಳದು.
ಏಳನೇ ಕ್ಲಾಸಿಗೆ ಬಿಟ್ಟ ಓದು
ಈ ಬಂಡಿ ಹತ್ತಿರ ಮುಂದುವರಿಸ್ಯಾಳೆ
ಅಂತ ನಾನು ಚೇಷ್ಟೆ ಮಾಡ್ತಿದ್ದೆ.
"ಎರ್ರೆಣ್ಣ, ಮಂಗಳಕ್ಕೆ ಬಿಟ್ಟ ಗಾಡಿ
ಮುಟ್ಟಿತಾ ಇಲ್ವಾ? ಇಲ್ಲಿ ಹರಿದೈತೆ."
"ಮುಟ್ಟಿರಬೇಕು ಬಿಡಮ್ಮ,
ನಮ್ಮ ಹೊಸಪೇಟೆ ಬಸ್ಸಿಗಿಂತ ಮುಂಚೆ."

ಅದೊಂದು ಸಂಜೆ ಅವಳು ತಿನ್ನಲಿಲ್ಲ.
ಮಿರ್ಚಿ ಆರ್ತಾ ಇತ್ತು. ಹಾಳೆಯನ್ನು
ಬಲ್ಬಿಗೆ ಹಿಡಿದು ನಿಂತುಬಿಟ್ಟಿದ್ದಳು.
ಎಣ್ಣೆ ಹೀರಿದ ಕಾಗದ ಗಾಜಿದ್ದಂಗೆ,
ಆ ಕಡೆಯದು ಈ ಕಡೆಗೆ ಮೂಡುತ್ತೆ:
ಹಿಂದೆ ಚಂದ್ರನ ಗುಂಡಿಗಳು, ಪುಟ್ಟ ಗಾಲಿಯ ಎರಡು ಗೆರೆ,
ಅದನ್ನು ತುಳಿದುಕೊಂಡು ಈ ಕಡೆಯ ಅಕ್ಷರ:
ಔಷಧಕ್ಕೆ ಬಗ್ಗದ ಕ್ಷಯ, ಹದಿನೆಂಟರ ಬದಲು
ಆರೇ ತಿಂಗಳ...
ತಿಂಗಳ ಮೇಲೆ ತಿಂಗಳು ಕೂತಿತ್ತು.
ಅಲ್ಲಿಗೆ ಹರಿದಿತ್ತು.
ನಾನೇ ಹರಿದಿದ್ದೆ.

ತಮ್ಮ ಹೊನ್ನೂರವಲಿ ಬಣ್ಣದ ಯೂನಿಟ್ಟಿನಲ್ಲಿದ್ದವನು
ಈಗ ಮನೆಯ ಕಟ್ಟೆ ಮೇಲೆ.
ದಿನಾ ಒಂದು ಮುಷ್ಟಿ ಗುಳಿಗೆ, ಆಮೇಲೆ ವಾಂತಿ,
ಕಿವಿಯೊಳಗೆ ಯಾವಾಗಲೂ ಒಂದು ಮಿಷನ್ ಓಡುತ್ತಂತೆ.
ಫೋನಿಗೂ ಔಷಧ ಬರ್ತಾವೆ, ಬೇಕಾದಷ್ಟು:
ಕತ್ತೆ ಹಾಲು, ಪಾರಿವಾಳದ ರಕ್ತ,
ಹತ್ತು ಜನಕ್ಕೆ ಕಳಿಸಿದರೆ ಪುಣ್ಯ.
ಅವು ಯಾವತ್ತೂ ಅರ್ಧಕ್ಕೆ ಹರಿದಿರೋದಿಲ್ಲ.

ಕಟ್ಟೆಲ್ಲ ಬಿಚ್ಚಿ ಹುಡುಕಿದೆವು.
ಒಲೆ ಬುಡ, ಕಸದ ಡಬ್ಬಿ,
ತಿನ್ನುತ್ತಿದ್ದ ಒಬ್ಬನ ಕೈಯಿಂದ ಮಿರ್ಚಿ ಸಮೇತ ಕಸಿದೆ.
ಟೆಂಡರು ಸಿಕ್ಕಿತು, ವರ ಬೇಕಾಗಿದ್ದಾರೆ ಸಿಕ್ಕಿತು,
ಚಂದ್ರನ ಇನ್ನೊಂದು ಚೂರು ಸಿಕ್ಕಿತು.
ಅದೊಂದು ಸಿಗಲಿಲ್ಲ.

ಮರುದಿನ ಅರ್ಧ ಹಾಜರಿ ಕಳಕೊಂಡು
ದೊಡ್ಡಾಸ್ಪತ್ರೆಗೆ ಹೋದಳು, ಫೈಲಿನಲ್ಲಿ
ಎಕ್ಸ್‌ರೇ ಪಕ್ಕ ಆ ಎಣ್ಣೆ ಹಾಳೆ.
ಡಾಕ್ಟರಮ್ಮ ಮೂಸಿ ನೋಡಿದರಂತೆ.
"ಯಾರು ಹೇಳಿದ್ರು ಇದನ್ನ?"
"ಮಿರ್ಚಿ ಬಂಡಿಯೋರು."
ನಿಜ, ಬಂದೈತೆ, ಆದರೆ ಎಲ್ಲರಿಗೂ ಒಗ್ಗಲ್ಲ,
ರಕ್ತ ನೋಡಬೇಕು, ಎದೆಯ ಗೆರೆ ತೆಗೀಬೇಕು,
ಕಫ ಇನ್ನೊಮ್ಮೆ ಕಳಿಸಬೇಕು.
ಹರಿದುಹೋದ ಅರ್ಧದಲ್ಲಿ ಇದೆಲ್ಲ ಇತ್ತೋ ಏನೋ.
ಸಾಲಿನಲ್ಲಿ ನಿಂತದ್ದು,
ಎರಡು ಆಟೋ ಬದಲಿಸಿದ್ದು ಇದ್ದಿರಲಿಕ್ಕಿಲ್ಲ.

ಈಗ ಮೂರನೇ ತಿಂಗಳು ನಡೀತೈತೆ.
ನಾನು ಕೇಳಲ್ಲ. ಅವಳು ಹೇಳಲ್ಲ.

ಮೊನ್ನೆ ಆಹಾರ ಇಲಾಖೆಯವರು ಬಂದು ನಿಂತರು.
"ಪೇಪರಿನಾಗೆ ಕಟ್ಟಬಾರದು, ಮಸಿ ಹೊಟ್ಟೆಗೆ ಹೋಗುತ್ತೆ.
ಪೇಪರಿನಲ್ಲೇ ಬಂದಿತ್ತಲ್ರೀ, ಓದಿಲ್ವಾ?"
"ಇಲ್ಲ ಸಾರ್. ಯಾರಿಗೋ ಕಟ್ಟಿ ಕೊಟ್ಟಿರಬೇಕು."

ಈಗ ಬಿಳಿ ಹಾಳೆ. ಕಿಲೋಕ್ಕೆ ತೊಂಬತ್ತು.
ಮಾಬುನ್ನಿ ತಿಂದು ಮುಗಿಸಿ, ಅಭ್ಯಾಸಕ್ಕೆ,
ಬಲ್ಬಿಗೆ ಹಿಡಿದಳು. ತಿರುಗಿಸಿ ಹಿಡಿದಳು.
"ಇದರಾಗೆ ಏನೂ ಇಲ್ಲಲ್ಲ ಎರ್ರೆಣ್ಣ" ಅಂದಳು.
ಆಮೇಲೆ, ಚಿಲ್ಲರೆ ಎಣಿಸ್ತಾ,
"ಇನ್ನೆರಡು ಕಟ್ಟು, ವಲಿ ಕೇಳ್ಯಾನೆ.
ಖಾರ ಕಡಿಮೆ ಇರೋವು ನೋಡಿ ಹಾಕು."