ಗುರುವಾರದ ದರಪಟ್ಟಿ

ಗುರುವಾರ ಬೆಳಗ್ಗೆ ಏಳೂವರೆಗೆ ಫೋನು ಎತ್ತಿಕೊಳ್ಳುತ್ತೇನೆ.
ನಲವತ್ತೊಂದು ಹೆಸರು, ಹೆಸರಿಗೆ ಮೂರು ಪ್ರಶ್ನೆ:
ಒಣಹುಲ್ಲು ಮಾರಿದಿರಾ, ಎಷ್ಟಕ್ಕೆ,
ಹುಲ್ಲುಗಾವಲು ಹೇಗಿದೆ.
ಮೂರನೆಯದಕ್ಕೆ ಉತ್ತರ ಐದೇ, ಸರ್ಕಾರವೇ ಅಚ್ಚು ಹಾಕಿಸಿ ಕೊಟ್ಟಿದೆ:
ತೀರಾ ಕೆಟ್ಟದು, ಕೆಟ್ಟದು, ಪರವಾಗಿಲ್ಲ, ಒಳ್ಳೆಯದು, ಅತ್ಯುತ್ತಮ.
ಕೊನೆಯದಕ್ಕೆ ಹದಿನಾಲ್ಕು ವರ್ಷದಲ್ಲಿ
ಎರಡು ಸಲ ಗೀಟು ಹಾಕಿದ್ದೇನೆ,
ಅದರಲ್ಲೊಂದು ಕೈತಪ್ಪಿ.

ಆಗಸ್ಟ್ ಮುಗಿಯುತ್ತ ಬಂತು. ಉತ್ತರ ಡಕೋಟದ ಈ ಮೂಲೆಯಲ್ಲಿ
ಕ್ಯಾನನ್‌ಬಾಲ್ ಹೊಳೆ ಕಲ್ಲು ಎಣಿಸುವಷ್ಟು ತೆಳ್ಳಗೆ.
ಮಿಡತೆಗಳು ಬೇಲಿಯಂಚಿನ ಹಸಿರು ಮುಗಿಸಿ
ಕವಲುಗೋಲಿನ ಹಿಡಿಯನ್ನೂ ಕೆರೆಯುತ್ತಿವೆ,
ಕೈಬೆವರಿನ ಉಪ್ಪು ಅದರಲ್ಲಿದೆಯಂತೆ.

ಲಿಯೋಟಾ ಶ್ಮಾಲ್ಟ್ಸ್ ಉತ್ತರಿಸುವ ಮೊದಲು ತಾನೇ ಕೇಳುತ್ತಾಳೆ:
"ಕಾಸ್ಪರ್ ಎಷ್ಟು ಹೇಳಿದ?"
ಹೇಳುವಂತಿಲ್ಲ. ಒಬ್ಬರ ಬಾಯಿಯದು ಇನ್ನೊಬ್ಬರ ಕಿವಿಗೆ ಹೋಗಬಾರದು,
ಕೆಲಸಕ್ಕೆ ಸೇರಿದ ದಿನ ಸಹಿ ಮಾಡಿಕೊಟ್ಟಿದ್ದೇನೆ.
"ಸರಿ, ನನ್ನದು ಬರೆದುಕೊ. ತೀರಾ ಕೆಟ್ಟದು.
ಅದಕ್ಕಿಂತ ಕೆಳಗೆ ಇನ್ನೊಂದು ಮನೆ ಇದ್ದರೆ ಅಲ್ಲಿ ಬರೆದುಕೊ.
ಅರವತ್ತು ಉರುಳೆ ಬೇಕು ನನಗೆ, ಹಿಮ ಬೀಳುವ ಮುಂಚೆ."

ಕಾಸ್ಪರ್ ಫೈಸ್ಟ್ ಮಾರುವವನು. ದನಿಯಲ್ಲೇ ತಕ್ಕಡಿ ತೂಗುತ್ತಿರುತ್ತದೆ.
"ಕುದುರೆಮಸಾಲೆ, ಎರಡನೇ ಕೊಯ್ಲು, ಎಲೆ ಉದುರಿಲ್ಲ. ಟನ್ನಿಗೆ ಇನ್ನೂರ ಹತ್ತು."
ಯಾರಾದರೂ ಕೊಟ್ಟರೇ?
"ಕೊಡುತ್ತಾರೆ."
ಕೇಳಿದ್ದು ದರವಲ್ಲ ಕಾಸ್ಪರ್, ಕೊಟ್ಟದ್ದು ದರ.
ಕೆಮ್ಮು. ಹಿಂದೆಲ್ಲೋ ಟ್ರ್ಯಾಕ್ಟರಿನ ಸದ್ದು.
"ನೂರ ಅರವತ್ತೈದು. ಅದೂ ನನ್ನ ಹೆಂಡತಿಯ ತಮ್ಮನಿಗೆ."
ಬರೆದುಕೊಂಡೆ. ಭಾವಮೈದುನರಿಗೆ ಬೇರೆ ಕಾಲಂ ಇಲ್ಲ.

ಇಪ್ಪತ್ತೇಳನೆಯ ಹೆಸರು ಆರ್ವಿಡ್ ಟೋಲೆಫ್ಸ್ರೂಡ್.
ಹದಿನಾಲ್ಕು ವರ್ಷದಿಂದ ಅವನದು ಒಂದೇ ಪದ, ಪರವಾಗಿಲ್ಲ.
ಆಲಿಕಲ್ಲು ಬಿದ್ದ ವರ್ಷ ಪರವಾಗಿಲ್ಲ,
ಬೆಂಕಿ ಬೇಲಿ ದಾಟಿದ ವರ್ಷ ಪರವಾಗಿಲ್ಲ,
ಹುಲ್ಲು ಎದೆಮಟ್ಟ ಬಂದ ವರ್ಷವೂ
ಅಡ್ಡಗೋಡೆಯ ಮೇಲೆ ಅದೇ ದೀಪ.
ಅವನ ನಂಬರು ಒತ್ತುವ ಮೊದಲೇ ಗೀಟು ಹಾಕಿಟ್ಟಿರುತ್ತೇನೆ.

ಈ ಗುರುವಾರ "ಒಳ್ಳೆಯದು" ಅಂದ.

ಕೇಳಿಸಲಿಲ್ಲ ಅಂದೆ.
"ಒಳ್ಳೆಯದು. ಏರಿನಲ್ಲಿ ಮೊಣಕಾಲುದ್ದ, ತಗ್ಗಿನಲ್ಲಿ ಸೊಂಟಕ್ಕೆ."
ಅವನ ಬೇಲಿಗೂ ಲಿಯೋಟಾಳ ಬೇಲಿಗೂ ನಡುವೆ
ಒಂದು ಮಣ್ಣುರಸ್ತೆ, ಒಂದು ಗುಡ್ಡ, ಅಷ್ಟೆ.
ಮೋಡ ರಸ್ತೆ ನೋಡಿಕೊಂಡು ಸುರಿಯುವುದಿಲ್ಲ.
ಎಷ್ಟು ದನ ಮೇಯುತ್ತಿವೆ, ಆರ್ವಿಡ್?
"ಒಂದೂ ಇಲ್ಲ. ಮೇ ತಿಂಗಳಲ್ಲೇ ಕೊಟ್ಟುಬಿಟ್ಟೆ.
ದರ ಚೆನ್ನಾಗಿತ್ತು, ಮಂಡಿ ಚೆನ್ನಾಗಿರಲಿಲ್ಲ."

ಏನು ಹೇಳಬೇಕೋ ತಿಳಿಯದೆ ಪೆನ್ನಿನ ಮುಚ್ಚಳ ತಿರುವುತ್ತಿದ್ದೆ.
ಅವನೇ ಮುಂದುವರಿಸಿದ:
"ಐವತ್ತು ವರ್ಷ ಹುಲ್ಲನ್ನು ಹಸುವಿನ ಬಾಯಿಂದಲೇ ನೋಡಿದ್ದೆ.
ಈಗ ಕುರ್ಚಿ ಹಾಕಿಕೊಂಡು ಕೂರುತ್ತೇನೆ.
ಅದು ಹೂ ಬಿಡುತ್ತದೆ, ಗೊತ್ತಾ ನಿನಗೆ?
ನೇರಳೆ ಬಣ್ಣ, ಸೂಜಿಮೊನೆಯಷ್ಟು. ಆಮೇಲೆ ತೆನೆ.
ನಾನೆಂದೂ ಅದನ್ನು ಅಷ್ಟು ದೂರ ಹೋಗಗೊಡಲಿಲ್ಲ."

ಕೊಯ್ದು ಮಾರುವುದಿಲ್ಲವೇ?
"ಯಾರೂ ಕೇಳಿಲ್ಲ."
ಕೇಳಿದರೆ?
"ಬೀಜ ಉದುರಲಿ. ಆಮೇಲೆ ಬೇಕಾದರೆ ಬರಲಿ."

ಹಾಕಿಟ್ಟ ಗೀಟು ರಬ್ಬರಿನಲ್ಲಿ ಅಳಿಸಿದೆ, ಕಾಗದ ಸ್ವಲ್ಪ ಹರಿಯಿತು.
ಐದು ಗಂಟೆಗೆ ಲೆಕ್ಕ ಕೂಡಿಸಿದಾಗ
ಒಂದು ಕುರ್ಚಿಯ ದೆಸೆಯಿಂದ
ಜಿಲ್ಲೆಗೆ ಜಿಲ್ಲೆಯೇ ಶೇಕಡಾ ಎರಡು ಹಸಿರಾಗಿತ್ತು.

ನನ್ನ ಮುದಿ ಕುದುರೆಗೆ ಹುಲ್ಲು ಕೊಳ್ಳಲು ಹೋದರೆ
ಅಂಗಡಿಯ ಹುಡುಗ ನಾನೇ ಅಚ್ಚಿಗೆ ಕಳಿಸಿದ ದರದ ಮೇಲೆ
ಹದಿನೆಂಟು ಡಾಲರು ಏರಿಸಿ ಹೇಳಿದ.
ಪಟ್ಟಿ ತೋರಿಸಿದೆ. "ಅದು ಯಾರದೋ ದರ" ಅಂದ.
ಕೊಟ್ಟೆ. ಕೊಟ್ಟದ್ದೇ ದರ.

ಶನಿವಾರ ಲಿಯೋಟಾಳ ಫೋನು.
"ಯಾರದು ಆ ಒಂದೇ ಒಂದು ಒಳ್ಳೆಯದು?"
ಹೇಳುವಂತಿಲ್ಲ ಅಂದೆ.
ಇಬ್ಬರೂ ಸುಮ್ಮನಿದ್ದೆವು. ಅವಳ ಕಡೆ ಒಂದು ಕರು ಕೂಗಿತು,
ಬಾಗಿಲ ಜಾಲರಿಗೆ ಮಿಡತೆ ಬಡಿಯುವ ಟಪಟಪ.

ಲಿಯೋಟಾ, ಅಂದೆ,
ನಿನ್ನ ಪಡುವಣ ಗುಡ್ಡ ಹತ್ತಿ
ಎಷ್ಟು ದಿನವಾಯಿತು?