ಕಾಲಲ್ಲಿ ಮಾತು

ಕೈಜಾದ್ ಅದನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದ,
ಒಡೆದ ಮುತ್ತು ತರುವ ಗಿರಾಕಿಗಳ ಹಾಗೆ, ಎರಡೂ ಕೈಯಲ್ಲಿ.
ಝವೇರಿ ಬಜಾರಿನ ಮೂರನೇ ಮಾಳಿಗೆ, ನನ್ನ ಮಣೆ,
ಪಕ್ಕದಲ್ಲಿ ಬಂಗಾಳಿ ಹುಡುಗರ ಊದುಗೊಳವೆ.
‘ಪತ್ತಾರ್ ಮಾಮಾ, ಲ್ಯಾಮಿಂಗ್ಟನ್ ರಸ್ತೆ ಪೂರ್ತಿ ಕೇಳಿ ಬಂದೆ.
ಕೈ ನಡುಗದವನು ಒಬ್ಬನೂ ಇಲ್ಲ.’

ಬಿಚ್ಚಿದೆ. ಎರಡು ಬೆರಳಗಲದ ಹಸಿರು ಬಿಲ್ಲೆ,
ಮಗುಚಿದರೆ ಹೊಟ್ಟೆ ತುಂಬ ಚಿನ್ನದ ಕಾಲು.
ಎಣಿಸಬೇಡ, ನಾನೂರ ಎಪ್ಪತ್ತೆಂಟು, ಅಂದ.
ನಾನು ಎಣಿಸಿದೆ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ
ಎಂದು ಗಾದೆ ಕಟ್ಟಿದವರ ನಾಡಿಂದ ಬಂದವನು;
ಮೊದಲು ಲೆಕ್ಕ, ಆಮೇಲೆ ಕೆಲಸ.
ಅಷ್ಟೂ ಕಾಲು ಕರಗಿಸಿದರೆ
ಒಂದು ಗುಲಗಂಜಿ ತೂಗೀತು, ತೂಗಿದರೆ.

‘ಇದಕ್ಕೆ ಬಾಯಿಲ್ಲ ಮಾಮಾ, ಕಾಲಲ್ಲೇ ಮಾತು.
ಬೋರ್ಡು ಎದ್ದ ಕೂಡಲೆ ಕೇಳುತ್ತದೆ, ನಿನ್ನ ಓಟ ಎಷ್ಟು?
ಈ ಮೂಲೆಯ ಕಾಲು ಹೇಳುತ್ತದೆ, ನೂರು.
ಅದನ್ನೇ ನಂಬಿ ಅದು ನೂರರ ತಾಳ ಹಾಕುತ್ತದೆ.
ಆ ಕಾಲಿನ ಬಾಯಿ ಮುಚ್ಚಿಬಿಡು.
ಉತ್ತರ ಬಾರದಿದ್ದರೆ
ನೂರ ಮೂವತ್ತಮೂರು ಅಂದುಕೊಳ್ಳುತ್ತದೆ.’

ಮೌನಂ ಸಮ್ಮತಿ ಲಕ್ಷಣಂ, ಅಂದೆ.
ಪಾರ್ಸಿ ಹುಡುಗ, ತಿಳಿಯಲಿಲ್ಲ.
ನನ್ನ ತಂಗಿ ಮೌನವ್ವನ ಮದುವೆ ಗೊತ್ತಾದದ್ದೂ ಹೀಗೇ.
ಹಿರಿಯರು ಕೇಳಿದಾಗ ಅವಳು
ತನ್ನ ಕಾಲ ಹೆಬ್ಬೆರಳು ನೋಡುತ್ತ ಕೂತಿದ್ದಳು.

ಐದು ರೂಪಾಯಿಯ ಉಗುರು ಬಣ್ಣ,
ಕುಂಚದಿಂದ ಕಿತ್ತ ಒಂದೇ ಒಂದು ಕೂದಲು.
ಆ ಕಾಲಿಗೆ ಅಷ್ಟೇ.
ಇನ್ನೆರಡು ಕಾಲಿಗೆ ತಾಮ್ರದ ಎಳೆಯ ಗಂಟು;
ಹೆಚ್ಚು ಓಡುವವನಿಗೆ ಹೆಚ್ಚು ಕರೆಂಟು ಉಣಿಸಬೇಕಂತೆ.
ಪಕ್ಕದ್ದಕ್ಕೆ ತಾಗಿತೋ, ಸತ್ತಿತು.

ತಾಮ್ರದ ಕೈಲಿ ಸುಳ್ಳು ಹೇಳಿಸುವುದು ನಮಗೆ ಹೊಸದಲ್ಲ,
ಒರೆಗಲ್ಲು ಹಿಡಿದುಬಿಡುತ್ತದೆ.
ಇಲ್ಲಿ ಒರೆಗಲ್ಲನ್ನೇ ಒಪ್ಪಿಸಬೇಕು.
ಮೂಗುತಿಯ ತಿರುಪು ಕೂರಿಸುವ ಚಿಮಟ, ಇಪ್ಪತ್ತು ನಿಮಿಷ.
ಬಂಗಾಳಿ ಹುಡುಗರು ಊದುವುದು ನಿಲ್ಲಿಸಿದರು.
ಕೆಳಗೆ ಕೈಗಾಡಿಯವನು ಯಾರದೋ ಅಪ್ಪನನ್ನು ಬೈಯುತ್ತಿದ್ದ.

ರಾತ್ರಿ ಧೋಬಿ ತಲಾವಿನಿಂದ ಫೋನು:
‘ಎರಡು ಸಾವಿರದ ಆರುನೂರ ಅರವತ್ತಾರು!’
ಲಾಟರಿ ನಂಬರು ಕೂಗಿದ ಹಾಗೆ.
ಆರು ತಾಸು ಹಿಡಿಯುತ್ತಿದ್ದ ಮದುವೆಯ ವಿಡಿಯೊ
ನಾಲ್ಕೂವರೆಗೆ ಮುಗಿಯಿತಂತೆ.
ಉಳಿದ ಒಂದೂವರೆ ತಾಸು ಏನು ಮಾಡಿದೆಯೋ?
‘ಫ್ಯಾನಿನ ಸದ್ದು ಕೇಳುತ್ತ ಎದ್ದಿದ್ದೆ ಮಾಮಾ, ಭಯ.’

ಕೂಲಿ ಕೇಳಿದ.
ಸವಕಳಿಯಿಲ್ಲದ ಕೆಲಸಕ್ಕೆ ದರ ಕಟ್ಟಲು ಬರಲಿಲ್ಲ ನನಗೆ.
ಮರುದಿನ ಮಾವಾ ಕೇಕ್ ತಂದ, ಆರು.

ಎಂಟು ತಿಂಗಳು.
ಮೇ ತಿಂಗಳ ಒಂದು ಮಧ್ಯಾಹ್ನ
ಯಾರದೋ ಮದುವೆಯ ನಡುವೆ,
ಹಾರ ಹಾಕಲು ಎತ್ತಿದ ವಧುವಿನ ಕೈ
ತೆರೆಯ ಮೇಲೆ ಹಾಗೇ ನಿಂತುಬಿಟ್ಟಿತು.
ಮತ್ತೆ ಇಳಿಯಲಿಲ್ಲ.

ಅದೇ ಹತ್ತಿಯಲ್ಲಿ ಸುತ್ತಿ ತಂದ.
ಗಂಟು ಬಿಚ್ಚಿದೆ. ತಾಮ್ರ ಕೆಂಪಗೇ ಇತ್ತು,
ಅದರದೇನೂ ತಪ್ಪಿಲ್ಲ ಎಂಬಂತೆ.
ಸಂಜೆ ಧೂಳು ಗುಡಿಸುವವರು ಬಂದರು,
ಗಟಾರದ ಕೆಸರಲ್ಲೂ ಚಿನ್ನ ಹೆಕ್ಕುವ ಮಂದಿ.
ಕೇಳಿದರು. ಕೊಡಲಿಲ್ಲ.
ಕಲ್ಲಿನ ಡಬ್ಬಿಯಲ್ಲಿದೆ, ಹವಳದ ಜೊತೆ.

ಹೋದ ವಾರ ಹೊಸದು ತಂದ.
ಮಗುಚಿದೆ: ಕಾಲೇ ಇಲ್ಲ.
ಬೋಳು ಹೊಟ್ಟೆ, ಸಾಲುಸಾಲು ಚಿನ್ನದ ಚುಕ್ಕೆ.
ಕಾಲೆಲ್ಲ ಈಗ ಬೋರ್ಡಿಗೇ ಕೊಟ್ಟಿದ್ದಾರಂತೆ.
‘ಇದರಲ್ಲೂ ಆಗುತ್ತದಲ್ಲ ಮಾಮಾ?’
ಭೂತಗನ್ನಡಿ ಕಣ್ಣಿಗಿಟ್ಟು
ನೋಡುತ್ತ ಸುಮ್ಮನಿದ್ದೆ.
ಕೈಜಾದ್ ಆಗಲೇ ಮೆಟ್ಟಿಲಿಳಿಯುತ್ತಿದ್ದ,
ಉಗುರು ಬಣ್ಣ ತರಲು.